ಸಾವಯವದ ಕಾಗದ ನಮಗೆ ಓದ್ಲಿಕ್ಕೆ ಬರುವ ಭಾಷೆಯಲ್ಲಿ ಬರಲಿ

(ಕಳೆದ ಭಾನುವಾರ ನಮ್ಮೂರಿನ ಶಾಲೆಯಲ್ಲಿ ನಡೆದ ಕೃಷಿಕರ ಕೂಟದಲ್ಲಿ ಆಡಿದ ಮಾತು. ಬರಲಾಗದವರು ಕೇಳಿದ್ದರಿಂದ ಬರೆದು ಇಲ್ಲಿ ಹಾಕುತ್ತಿದ್ದೇನೆ. ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ, ಉಳಿದದ್ದು ಹೇಳಿದ ಹಾಗೆಯೇ.)



ಸಾವಯವ ಕೃಷಿಯ ಬಗ್ಗೆ ನೀನು ಮಾತಾಡಬೇಕು ಅಂತ ಸಂಘಟಕರು ಹೇಳಿದಾಗ ನನಗೆ ನಗು ಬಂತು. ನಾನು ಓದಿದ್ದು ಬಿ.ಕಾಂ., ಮಾಡುವುದು ಬ್ಯಾಂಕಿನಲ್ಲಿ ಗುಮಾಸ್ತೆ ಕೆಲಸ. ತೋಟದಲ್ಲಿ ನಾನು ಮಾಡಿದ ದೊಡ್ಡ ಕೆಲಸ ಅಂದರೆ ರಜೆಯಲ್ಲಿ ಅಡಿಕೆ ಹೆಕ್ಕಿದ್ದು. ಇಲ್ಲಿ ಮುಂದೆ ಕೂತವರಲ್ಲಿ ಒಬ್ಬೊಬ್ಬರಿಗೂ ನನಗಿಂತ ಹತ್ತು ಪಾಲು ಹೆಚ್ಚು ಗೊತ್ತುಂಟು. ಹಾಗಾಗಿ ಜೀವಾಮೃತ ಹೇಗೆ ಮಾಡುವುದು ಅಂತ ನಾನು ಹೇಳುವುದಿಲ್ಲ, ಹೆದರಬೇಡಿ. ಕೌಂಟರಿನ ಈಚೆ ಕೂತು ನಾನು ಕೇಳಿದ್ದು, ನೋಡಿದ್ದು ಹೇಳುತ್ತೇನೆ. ಕೃಷಿ ಸಾಲಕ್ಕೆ ಬರುವವರು ಸಾಲದ ಜೊತೆ ತೋಟದ ಕತೆಯನ್ನೂ ತರುತ್ತಾರೆ. ಮಳೆಗಾಲದಲ್ಲಂತೂ ಕರೆಂಟ್ ಹೋಗಿ ಕಂಪ್ಯೂಟರ್ ನಿಂತರೆ ಅರ್ಧ ಗಂಟೆ ಅದೇ ಮಾತು.

ಒಂದು ಘಟನೆಯಿಂದ ಶುರು ಮಾಡುತ್ತೇನೆ. ಕಳೆದ ವರ್ಷ ಒಬ್ಬರು ಹಿರಿಯರು ಬ್ಯಾಂಕಿಗೆ ಬಂದರು. ಹೆಸರು ಬೇಡ, ನಾನು ಅವರನ್ನು ಮಾವ ಅಂತಲೇ ಕರೆಯುವುದು. ಒಂದೆಕರೆಗಿಂತ ಸ್ವಲ್ಪ ಹೆಚ್ಚು ಅಡಿಕೆ ತೋಟ, ಮೇಲೆ ಗುಡ್ಡದಲ್ಲಿ ನಾಲ್ಕು ಗೇರು ಮರ, ಸುರಂಗದ ನೀರು. ಕಿಸೆಯಿಂದ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ತೆಗೆದು, ‘ಮಗಳೇ, ಇದರಲ್ಲಿ ಎಂತ ಬರ್ದಿದೆ, ಒಮ್ಮೆ ಓದಿ ಹೇಳ್ತೀಯಾ?’ ಅಂದರು. ಮಲಯಾಳದಲ್ಲಿ ಅಚ್ಚಾದ ಕಾಗದ. ಕೆಳಗೆ ಅವರದೇ ಕನ್ನಡ ಸಹಿ. ಸಾವಯವ ಕೃಷಿಕರ ಗುಂಪಿಗೆ ಸೇರುವಾಗ ಮಾಡುವ ಪ್ರತಿಜ್ಞೆ ಅದು. ಇಂತಿಂಥದ್ದು ಹಾಕುವುದಿಲ್ಲ, ಇಂತಿಂಥದ್ದು ಮಾಡುತ್ತೇನೆ ಅಂತ ಒಪ್ಪಿ ಸಹಿ ಹಾಕುವುದು.

ಆದದ್ದು ಇಷ್ಟು. ಯಾವುದೋ ಕಚೇರಿಯಿಂದ ಬಂದವರು ಸಭೆ ಮಾಡಿ, ಮಲಯಾಳದಲ್ಲಿ ಒಂದು ಗಂಟೆ ಮಾತಾಡಿ, ಸಹಿ ಹಾಕಿಸಿಕೊಂಡು ಒಂದು ಪ್ರತಿ ಕೊಟ್ಟು ಹೋಗಿದ್ದಾರೆ. ಮನೆಗೆ ಬಂದು ಮಾವ ನೆರೆಮನೆಯ ಹುಡುಗನ ಹತ್ತಿರ ಅದನ್ನು ಓದಿಸಿದ್ದಾರೆ. ಹುಡುಗ ಗಡಗಡ ಓದಿದ. ‘ರಾಸವಳಂ’ ಅಂತ ಒಂದು ತಲೆಬರಹ, ಕೆಳಗೆ ಯೂರಿಯ, ಪೊಟ್ಯಾಶ್, ಫ್ಯಾಕ್ಟಂಫಾಸ್ ಅಂತ ಹೆಸರುಗಳ ಪಟ್ಟಿ, ಕೊನೆಗೆ ‘ಒಳಿವಾಕ್ಕಣಂ’. ಸಂತೆಯ ಮಲಯಾಳ ಮಾವನಿಗೆ ಚೆನ್ನಾಗಿ ಬರುತ್ತದೆ. ಕಾಗದದ ಮಲಯಾಳ ಬೇರೆ. ಒಳಿವಾಕ್ಕಣಂ ಅಂದರೆ ಬಿಟ್ಟುಬಿಡಬೇಕು. ಮಾವ ಅದನ್ನು ಉಳಿಸಿಕೊಳ್ಳಬೇಕು ಅಂತ ತಿಳಿದುಕೊಂಡರು. ಸರಕಾರದ ಯೋಜನೆ ಅಲ್ವಾ, ಇಷ್ಟು ಗೊಬ್ಬರ ಹಾಕ್ಲಿಕ್ಕೆ ಹೇಳಿದ್ದಾರೆ ಅಂತ, ಪೇಟೆಗೆ ಹೋಗಿ ದುಡ್ಡು ಕೊಟ್ಟು ಪೊಟ್ಯಾಶ್ ತಂದು ಹಾಕಿಬಿಟ್ಟರು.

ಮಾರಾಯ್ರೆ, ಆ ಮನುಷ್ಯ ಮೂವತ್ತು ವರ್ಷದಿಂದ ತೋಟಕ್ಕೆ ಹಟ್ಟಿಗೊಬ್ಬರ, ಸೊಪ್ಪು ಬಿಟ್ಟು ಬೇರೆ ಹಾಕಿದವರಲ್ಲ! ಸಾವಯವಕ್ಕೆ ಅಂತ ಸಹಿ ಹಾಕಿದ ವರ್ಷವೇ ಅವರ ತೋಟಕ್ಕೆ ಮೊದಲ ಸಲ ಕಾರ್ಖಾನೆಯ ಗೊಬ್ಬರ ಬಿತ್ತು. ಆಮೇಲೆ ಗುಂಪಿನವರು ತೋಟ ನೋಡಲು ಬಂದಾಗ ಕೊಟ್ಟಿಗೆಯ ಮೂಲೆಯಲ್ಲಿ ಪೊಟ್ಯಾಶಿನ ಚೀಲ ಕಂಡಿದೆ. ‘ಎಲ್ಲರೆದುರು ಕಳ್ಳನ ಹಾಗೆ ಆಯ್ತು ಮಗಳೇ’ ಅಂದರು. ನಾನು ಓದಿ ಅರ್ಥ ಹೇಳಿದ ಮೇಲೆ ತುಂಬ ಹೊತ್ತು ಏನೂ ಮಾತಾಡಲಿಲ್ಲ. ಪಾಸ್‌ಬುಕ್ ಎಂಟ್ರಿ ಮಾಡಿಸುವುದನ್ನೂ ಮರೆತು ಹೋದರು.

ಇಂಥವರನ್ನೇ ಎದುರಿಗೆ ಕೂರಿಸಿಕೊಂಡು ‘ನಮ್ಮ ಕೃಷಿಕರಿಗೆ ಸಾವಯವದ ಅರಿವಿಲ್ಲ, ಜಾಗೃತಿ ಮೂಡಿಸಬೇಕು’ ಅಂತ ಭಾಷಣ ಮಾಡುವುದನ್ನು ಕೇಳಿದ್ದೇನೆ. ಅರಿವು ಉಂಟೋ ಇಲ್ಲವೋ ಅಂತ ನೋಡುವ ಮೊದಲು ನಮ್ಮವರು ಯಾವ ಮಾತು ಬಳಸುತ್ತಾರೆ ನೋಡಬೇಕು.

ನಮ್ಮ ಕಡೆ ಮೂರು ಮಾತುಂಟು. ಮದ್ದು, ವಿಷ, ಗೊಬ್ಬರ. ಅಡಿಕೆಗೆ ತುತ್ತು-ಸುಣ್ಣ ಹೊಡೆದರೆ ಅದು ‘ಮದ್ದು ಬಿಡುವುದು’. ಮನೆಗೆ ವೈದ್ಯರು ಬಂದು ಕೊಟ್ಟ ಹಾಗೆ, ಒಳ್ಳೆಯ ಮಾತು. ವಿಷ ಅಂದರೆ ನಮಗೆ ಎಂಡೋಸಲ್ಫಾನ್, ಅದರ ಜಾತಿಯದು. ಗೊಬ್ಬರ ಅಂದರೆ ಹಟ್ಟಿಯದ್ದೂ ಗೊಬ್ಬರವೇ, ಚೀಲದ್ದೂ ಗೊಬ್ಬರವೇ. ಈ ಮೂರರಲ್ಲಿ ವಿಷ ಒಂದನ್ನು ಬಿಟ್ಟರೆ ನಾವು ಸಾವಯವ ಅಂತ ನಮ್ಮ ಹೆಚ್ಚಿನವರ ಲೆಕ್ಕ. ಎಷ್ಟೋ ಜನ ನನ್ನ ಹತ್ತಿರ ‘ನಮ್ಮದು ಪೂರಾ ಸಾವಯವ, ವಿಷ ಮುಟ್ಟುವುದೇ ಇಲ್ಲ’ ಅನ್ನುತ್ತಾರೆ. ಅದೇ ಕೈಯಲ್ಲಿ ಯೂರಿಯದ ಬಿಲ್ ಸಾಲಕ್ಕೆ ಕೊಡುತ್ತಾರೆ. ಸುಳ್ಳು ಹೇಳುತ್ತಿಲ್ಲ ಅವರು. ಅವರ ಮಾತಿನ ಗಡಿ ಅಲ್ಲಿದೆ, ನಿಯಮದ ಗಡಿ ಬೇರೆ ಕಡೆ ಇದೆ.

ವಿಷ ಅಂದರೆ ಎಂಡೋಸಲ್ಫಾನ್ ಅಂತ ಆಗಿದ್ದು ಯಾಕೆ ಅಂತ ಈ ಊರಿನಲ್ಲಿ ವಿವರಿಸಬೇಕಾಗಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದ ವರೆಗೆ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಸುರಿದರು. ಗೇರು ಹೂವಿಗೆ ಬರುವ ಟೀ ಸೊಳ್ಳೆಗೆ ಅಂತ ಹೊಡೆದದ್ದು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರಿನ ಬಾವಿಗೆ, ಸುರಂಗಕ್ಕೆ, ಮಕ್ಕಳ ಮೈಗೆ ಬಂತು. ಪಡ್ರೆಯ ಡಾ. ಮೋಹನ ಕುಮಾರ್ ಅವರು, ತಮ್ಮ ಹತ್ತಿರ ಬರುವ ರೋಗಿಗಳು ಇಷ್ಟು ವಿಚಿತ್ರ ಕಾಯಿಲೆಯವರು ಯಾಕೆ ಅಂತ ಕೇಳಿದ್ದು, ಶ್ರೀಪಡ್ರೆಯವರು ಬರೆದದ್ದು, ಕೃಷಿ ಇಲಾಖೆಯ ನೌಕರಿಯಲ್ಲೇ ಇದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದದ್ದು ನಿಮಗೆ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹೇಳಿತು. 2017ರಲ್ಲಿ ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತಲೂ ಹೇಳಿತು. ಅದರ ಅರ್ಜಿಗಳಿಗೂ ಎಷ್ಟು ಮನೆಯವರು ಭಾಷೆ ಬರುವವರನ್ನು ಹುಡುಕಿಕೊಂಡು ಓಡಾಡಿದರು, ಅದೂ ನಿಮಗೆ ಗೊತ್ತು.

ಈ ಗಾಯದ ಮೇಲೆಯೇ 2012ರಲ್ಲಿ ಕಾಸರಗೋಡನ್ನು ಸಾವಯವ ಜಿಲ್ಲೆ ಅಂತ ಘೋಷಣೆ ಮಾಡಿದ್ದು. ಘೋಷಣೆ ತಪ್ಪಲ್ಲ. ನಮ್ಮಷ್ಟು ಮನಸ್ಸು ಸಿದ್ಧವಾಗಿದ್ದ ಕೃಷಿಕರು ಬೇರೆ ಎಲ್ಲಿ ಸಿಗಬೇಕು? ಆದರೆ ಮನಸ್ಸು ಇದ್ದ ಮಾತ್ರಕ್ಕೆ ತೋಟ ಸಾವಯವ ಆಗುವುದಿಲ್ಲವಲ್ಲ. ಕಳೆನಾಶಕದ ಗ್ಲೈಫೋಸೇಟನ್ನು 2019ರಲ್ಲಿ ಕೇರಳ ಸರಕಾರ ನಿಷೇಧ ಮಾಡಿತು. ಹುಲ್ಲು ಹೆರೆಯಲು ಜನ ಸಿಗದ ಮನೆಯವರು ಗಡಿ ದಾಟಿ ತಂದರು. ಯಾರು ಅಂತ ಕೇಳಬೇಡಿ, ಇಲ್ಲಿ ನಗುತ್ತಿರುವವರಿಗೆ ಗೊತ್ತುಂಟು.

ಈಗ ಮದ್ದಿನ ವಿಷಯಕ್ಕೆ ಬರುತ್ತೇನೆ. ನನ್ನ ಹತ್ತಿರ ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದೇ: ‘ತುತ್ತು ಬಿಟ್ಟರೆ ಸಾವಯವ ಆಗ್ತದಾ ಇಲ್ವಾ?’ ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟದಿಂದ ಬಂದದ್ದು. ಅಡಿಕೆಯ ಕೊಳೆರೋಗಕ್ಕೆ ಅದನ್ನು ಹೊಡೆಯಬಹುದು ಅಂತ ತೋರಿಸಿದವರು ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಲೆಸ್ಲಿ ಕೋಲ್ಮನ್, ನೂರು ವರ್ಷಕ್ಕಿಂತ ಹಿಂದೆ. ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನಮ್ಮ ಅಜ್ಜಂದಿರಿಗೆ ಇದು ಎಷ್ಟು ರೂಢಿ ಆಯಿತೆಂದರೆ ಇದು ನಮ್ಮದೇ ಹಳೆಯ ಕ್ರಮ, ಹಾಗಾಗಿ ಸಾವಯವ ಅಂತ ಒಂದು ಪಂಗಡ. ತುತ್ತು ಕಾರ್ಖಾನೆಯಿಂದ ಬರುವುದು, ಹಾಗಾಗಿ ಅದನ್ನು ಬಿಡುವವನು ಜನ್ಮದಲ್ಲಿ ಸಾವಯವ ಆಗಲಾರ ಅಂತ ಇನ್ನೊಂದು ಪಂಗಡ. ಈ ಎರಡನೆಯ ಪಂಗಡದವರು ಅರ್ಜಿಯನ್ನೇ ಹಾಕುವುದಿಲ್ಲ. ‘ಮೂರು ವರ್ಷ ತುತ್ತು ಬಿಡದಿದ್ದರೆ ನನ್ನ ತೋಟದಲ್ಲಿ ಅಡಿಕೆಯೇ ಉಳಿಯುವುದಿಲ್ಲ, ನನಗೆ ಆ ಸುದ್ದಿಯೇ ಬೇಡ’ ಅಂತಾರೆ.

ನಿಯಮ ಇವೆರಡರ ನಡುವೆ ಉಂಟು. ನಮ್ಮ ದೇಶದ ಸಾವಯವ ನಿಯಮದಲ್ಲಿ ತಾಮ್ರದ ಲವಣಗಳು ಮಿತಿಯೊಳಗೆ ಬಳಸಬಹುದಾದ ಪಟ್ಟಿಯಲ್ಲಿವೆ. ಬೇಕಾದಷ್ಟು ಸುರಿಯುವ ಹಾಗಿಲ್ಲ, ಯಾವಾಗ ಎಷ್ಟು ಹೊಡೆದೆವು ಅಂತ ಬರೆದಿಡಬೇಕು. ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ವರ್ಷ ವರ್ಷ ಸೇರುತ್ತಾ ಹೋಗುತ್ತದೆ, ಅದಕ್ಕೇ ಮಿತಿ. ಈ ಒಂದು ವಾಕ್ಯ ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು ಹಂಚಿದ್ದರೆ ಎಷ್ಟು ಮನೆಯವರು ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ? ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಬದಲಾವಣೆಯ ಅವಧಿ ಮೂರು ವರ್ಷ ಅನ್ನುವುದೂ ಹಾಗೆಯೇ. ಸಹಿ ಹಾಕಿದ ಮರುವರ್ಷವೇ ಸರ್ಟಿಫಿಕೇಟ್ ಬರುತ್ತದೆ ಅಂತ ಕಾದು, ಬಾರದ್ದಕ್ಕೆ ಬೇಸರಿಸಿ ಬಿಟ್ಟವರನ್ನು ನಾನೇ ನೋಡಿದ್ದೇನೆ.

ಗೊಬ್ಬರದ ಲೆಕ್ಕ ಸ್ವಲ್ಪ ನಿಧಾನ ಮಾಡುತ್ತೇನೆ, ಇದು ನನ್ನ ಕಸುಬು.

ನಮ್ಮದೇ ಕಾಸರಗೋಡಿನ ಸಿಪಿಸಿಆರ್‌ಐ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್ ಹೇಳುತ್ತದೆ. ಜೊತೆಗೆ 12 ಕಿಲೋ ಸೊಪ್ಪು, 12 ಕಿಲೋ ಕಾಂಪೋಸ್ಟ್. ಈ ಕೊನೆಯ ಎರಡನ್ನು ನಾವು ಸುಲಭದಲ್ಲಿ ಮರೆಯುತ್ತೇವೆ, ಇರಲಿ. ಸಾರಜನಕ ಒಂದನ್ನೇ ಹಿಡಿಯಿರಿ. 45 ಕಿಲೋದ ಒಂದು ಯೂರಿಯ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕ ಉಂಟು. ಅಂದರೆ 200 ಮರಕ್ಕೆ ಸಾಕು. ಚೀಲದ ಬೆಲೆ ಸಬ್ಸಿಡಿ ಕಳೆದು 300 ರೂಪಾಯಿಯೊಳಗೆ. ಇದನ್ನೇ ಹಟ್ಟಿಗೊಬ್ಬರದಲ್ಲಿ ಕೊಡುವುದಾದರೆ? ಒಳ್ಳೆಯ ಹಟ್ಟಿಗೊಬ್ಬರದಲ್ಲಿ ನೂರಕ್ಕೆ ಅರ್ಧ ಪಾಲು ಸಾರಜನಕ. ಹಾಗಾದರೆ ಮರವೊಂದಕ್ಕೆ 20 ಕಿಲೋ, 200 ಮರಕ್ಕೆ ನಾಲ್ಕು ಟನ್. 300 ರೂಪಾಯಿಯ ಒಂದು ಚೀಲವನ್ನು ಒಬ್ಬ ಹೆಗಲ ಮೇಲೆ ಹಾಕಿಕೊಂಡು ಹೋಗುತ್ತಾನೆ. ನಾಲ್ಕು ಟನ್ ಗೊಬ್ಬರವನ್ನು ನಮ್ಮ ಇಳಿಜಾರು ತೋಟದಲ್ಲಿ, ತೋಡು ದಾಟಿಸಿ, ಬುಟ್ಟಿಯಲ್ಲಿ ಹೊತ್ತು ಹಾಕಬೇಕು. ಒಂದೆಕರೆಗೆ ಸಾಧಾರಣ 550 ಮರ ಅಂತ ಹಿಡಿದರೆ 11 ಟನ್.

ಯೂರಿಯ ನಮ್ಮ ಮಳೆಗೆ ಅರ್ಧ ತೊಳೆದು ಹೋಗುತ್ತದೆ, ಹಟ್ಟಿಗೊಬ್ಬರ ಮಣ್ಣನ್ನು ಮೆತ್ತಗೆ ಮಾಡಿ ನೀರು ಹಿಡಿದಿಡುತ್ತದೆ ಅಂತ ನೀವು ಹೇಳುತ್ತೀರಿ. ಸರಿ. ಸೊಪ್ಪಿನಿಂದಲೂ ಸಾರಜನಕ ಬರುತ್ತದೆ, ತೋಟದಲ್ಲೇ ಬಿದ್ದ ಸೋಗೆ, ಹಾಳೆ ಅಲ್ಲೇ ಕರಗಿಸಿದರೆ ಲೆಕ್ಕ ಇನ್ನೂ ಇಳಿಯುತ್ತದೆ. ಅದೂ ಸರಿ. ಆದರೂ ಹಟ್ಟಿ ಬೇಕಲ್ಲ! ಒಂದು ದನ ದಿನಕ್ಕೆ ಹತ್ತು ಕಿಲೋ ಸೆಗಣಿ ಹಾಕಿತು ಅಂತ ಇಟ್ಟುಕೊಂಡರೂ ವರ್ಷಕ್ಕೆ ಮೂರೂವರೆ ಟನ್ ಚಿಲ್ಲರೆ, ಅದೂ ಹಸಿ. ನಮ್ಮ ಗಿಡ್ಡ ತಳಿಯ ದನ ಅಷ್ಟು ಹಾಕುವುದಿಲ್ಲ. ಒಂದು ಕಾಲದಲ್ಲಿ ಮನೆಗೆ ಹತ್ತು ಗಿಡ್ಡ ದನ ಇದ್ದವು, ಬೆಳಿಗ್ಗೆ ಬಿಟ್ಟರೆ ಸಂಜೆ ತಾವೇ ಬರುತ್ತಿದ್ದವು. ಈಗ ಆ ತಳಿ ಉಳಿಸಲು ಬದಿಯಡ್ಕದ ಬೇಳದಲ್ಲಿ ಸರಕಾರವೇ ಸಾಕಬೇಕಾಗಿದೆ. ಸೊಪ್ಪು ಕಡಿಯುತ್ತಿದ್ದ ಗುಡ್ಡಕ್ಕೆ ರಬ್ಬರ್ ಬಂತು. ರಬ್ಬರಿಗೆ ಸಾಲ ಕೊಟ್ಟದ್ದು ನಮ್ಮಂಥ ಬ್ಯಾಂಕುಗಳೇ, ಅದನ್ನೂ ಹೇಳಿಬಿಡುತ್ತೇನೆ. ಸೊಪ್ಪು ಕಡಿಯುವ ಕೈಗಳು ಊರು ಬಿಟ್ಟು ಬೆಂಗಳೂರಿಗೆ, ಗಲ್ಫಿಗೆ ಹೋದವು.

ಹಾಗಾಗಿ ‘ರೈತ ಸುಲಭದ ದಾರಿ ಹಿಡಿದ’ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಅವನು ಲೆಕ್ಕ ಹಾಕಿದ, ಅಷ್ಟೇ. ನಮ್ಮ ಕಡೆಯಲ್ಲೂ ಇನ್ನೊಂದು ತಪ್ಪುಂಟು. ಸಾಲದ ಕಾಗದಕ್ಕೆ ಬಿಲ್ ಬೇಕು. ಯೂರಿಯಕ್ಕೆ ಬಿಲ್ ಸಿಗುತ್ತದೆ. ಸ್ವಂತ ಹಟ್ಟಿಯ ಗೊಬ್ಬರಕ್ಕೆ, ಮನೆಯವಳು ಹೊತ್ತ ಬುಟ್ಟಿಗೆ ಬಿಲ್ ಯಾರು ಕೊಡುತ್ತಾರೆ? ಹಾಗಾಗಿ ನಮ್ಮ ಪುಸ್ತಕದಲ್ಲಿ ಅದು ಖರ್ಚೇ ಅಲ್ಲ. ತೋಟದಲ್ಲಿ ನಿಜವಾಗಿ ಹೆಚ್ಚು ದುಡಿದವರು ಕಾಗದದಲ್ಲಿ ಇಲ್ಲವೇ ಇಲ್ಲ.

ಬೆಲೆ? ಅಂಗಡಿಯಲ್ಲಿ ನಿಮ್ಮ ಅಡಿಕೆ ಸುರಿದರೆ ಹಳತೋ ಹೊಸತೋ, ಉಳ್ಳಿಯೋ ಕರಿಗೋಟೋ ಅಂತ ಬೇರೆ ಮಾಡುತ್ತಾರೆ. ಸಾವಯವವೋ ಅಂತ ನನಗೆ ಗೊತ್ತಿದ್ದವರಲ್ಲಿ ಯಾರನ್ನೂ ಯಾರೂ ಕೇಳಿದ್ದಿಲ್ಲ. ಕಾಳುಮೆಣಸು, ಬಾಳೆ, ತರಕಾರಿ, ಅಕ್ಕಿಗಾದರೆ ಕೇಳುವವರು ಇದ್ದಾರೆ. ಆದ್ದರಿಂದ ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಮನೆಗೆ ತಿನ್ನುವ ತರಕಾರಿ, ಮೆಣಸು, ತೋಟದ ಬಾಳೆ. ಅಡಿಕೆಯನ್ನು ಒಂದು ಮೂಲೆಯ ನೂರು ಮರದಿಂದ ಶುರು ಮಾಡಿದರೂ ಸಾಕು. ಇಡೀ ತೋಟವನ್ನು ಒಂದೇ ಮಳೆಗಾಲದಲ್ಲಿ ಬದಲು ಮಾಡ್ಲಿಕ್ಕೆ ಹೋಗಬೇಡಿ. ಶ್ರೀಲಂಕಾದಲ್ಲಿ 2021ರ ಏಪ್ರಿಲಿನಲ್ಲಿ ಇಡೀ ದೇಶಕ್ಕೆ ರಾಸಾಯನಿಕ ಗೊಬ್ಬರ ತರುವುದನ್ನು ನಿಲ್ಲಿಸಿದರು, ಅದೇ ವರ್ಷ ನವೆಂಬರಿಗೆ ಆದೇಶ ಹಿಂದೆ ತೆಗೆದುಕೊಳ್ಳಬೇಕಾಯಿತು. ಇನ್ನು ಈಗ ಹಬ್ಬುತ್ತಿರುವ ಎಲೆಚುಕ್ಕಿ ರೋಗದ ಮಾತು. ರೋಗ ಬಂದ ಸೋಗೆ ಕಡಿದು ಸುಡುವುದು ಬಿಟ್ಟರೆ ಸಾವಯವದವರ ಕೈಯಲ್ಲಿ ಗಟ್ಟಿ ಉತ್ತರ ಇಲ್ಲ. ಎತ್ತರದ ಮರ ಹತ್ತಿ ಸೋಗೆ ಕಡಿಯುವವರೂ ಇಲ್ಲ. ಆ ತೋಟದವರು ಶಿಲೀಂಧ್ರನಾಶಕ ಹೊಡೆದರೆ ನಾನಂತೂ ಅವರನ್ನು ದೂರುವುದಿಲ್ಲ.

ಇಷ್ಟೆಲ್ಲ ಹೇಳಿ ಸಾವಯವ ಬೇಡ ಅಂದೆನಾ? ಇಲ್ಲ. ಮಾವನ ಕೈಯಲ್ಲಿದ್ದ ಆ ಕಾಗದ ಉಂಟಲ್ಲ, ಅದು ಮೂಲದಲ್ಲಿ ಒಳ್ಳೆಯ ಕಾಗದ. ಪಿಜಿಎಸ್ ಅಂತಾರೆ. ದೊಡ್ಡ ಕಂಪನಿಯನ್ನು ಕರೆಸಿ, ದುಡ್ಡು ಕೊಟ್ಟು, ಪರೀಕ್ಷೆ ಮಾಡಿಸುವ ಕ್ರಮ ಅಲ್ಲ. ಒಂದೇ ಊರಿನ ಅಥವಾ ಹತ್ತಿರದ ಕನಿಷ್ಠ ಐದು ಕೃಷಿಕರು ಗುಂಪು ಮಾಡಿಕೊಂಡು, ಒಬ್ಬರ ತೋಟ ಇನ್ನೊಬ್ಬರು ನೋಡಿ, ಹೌದು ಇವರು ಹೇಳಿದ ಹಾಗೆ ಮಾಡಿದ್ದಾರೆ ಅಂತ ಬರೆಯುವುದು. ಬದಲಾವಣೆಯ ಅವಧಿಯಲ್ಲಿ ‘ಪಿಜಿಎಸ್ ಗ್ರೀನ್’, ಪೂರ್ತಿ ಆದ ಮೇಲೆ ‘ಪಿಜಿಎಸ್ ಆರ್ಗ್ಯಾನಿಕ್’. ನೆರೆಮನೆಯವರ ತೋಟದಲ್ಲಿ ಎಂತ ನಡೀತಾ ಉಂಟು ಅಂತ ನಮಗೆ ಹೇಗೂ ಗೊತ್ತಿರುತ್ತದೆ, ಬೇಲಿ ಹತ್ತಿರ ನಿಂತು ನೋಡುವುದು ನಮ್ಮ ಹಳೆಯ ಅಭ್ಯಾಸ. ಅದಕ್ಕೆ ಸರಕಾರವೇ ಒಂದು ಪುಸ್ತಕ ಕೊಟ್ಟಿದೆ ಅಂತ ತಿಳಿದುಕೊಳ್ಳಿ.

ಇಡೀ ವ್ಯವಸ್ಥೆ ನಿಂತಿರುವುದು ಊರವರು ಒಟ್ಟಿಗೆ ಕೂತು ಮಾತಾಡಿ, ನೋಡಿ, ಬರೆಯುವುದರ ಮೇಲೆ. ದಾಖಲೆಗಳು ಸರಳವಾಗಿ, ಸ್ಥಳೀಯ ಭಾಷೆಯಲ್ಲಿ ಇರಬೇಕು ಅನ್ನುವುದೇ ಪಿಜಿಎಸ್‌ನ ಕ್ರಮ. ಅಂಥ ಕಾಗದ ನಮ್ಮೂರಿನಲ್ಲಿ ನಮಗೆ ಓದ್ಲಿಕ್ಕೆ ಬಾರದ ಭಾಷೆಯಲ್ಲಿ ಬಂದರೆ ನೋಡುವವರೂ ಕುರುಡರು, ಬರೆಯುವವರೂ ಕುರುಡರು. ಮಲಯಾಳದ ಮೇಲೆ ನನಗೆ ಎಂತದ್ದೂ ಬೇಸರ ಇಲ್ಲ. ನಾನು ಕಲಿತಿದ್ದೇನೆ, ದಿನಾ ಮಾತಾಡುತ್ತೇನೆ, ನನ್ನ ಕೆಲಸ ನಡೆಯುವುದೇ ಅದರಲ್ಲಿ. ಮಕ್ಕಳೂ ಕಲಿಯಲಿ. ಆದರೆ ಅರುವತ್ತೈದು ವರ್ಷದ ಮಾವ ಈಗ ಅಕ್ಷರ ಕಲಿತು ಪ್ರತಿಜ್ಞೆ ಓದಬೇಕಾ? ಅವರಪ್ಪ ಇದೇ ಮನೆಯಲ್ಲಿ ಕೂತಿದ್ದಾಗ 1956ರ ನವೆಂಬರ್ ಒಂದಕ್ಕೆ ರಾಜ್ಯ ಬದಲಾಯಿತು, ತೋಟ ಎಲ್ಲಿಗೂ ಹೋಗಲಿಲ್ಲ.

ಕೇಳುವುದು ಹೊಸದೇನೂ ಅಲ್ಲ. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಲ್ಲೇ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರೂ ತಮಿಳರೂ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು ಅಂತ ಉಂಟು. ಈ ಕಾಯ್ದೆಯ ಮಾತು ಬಂದಾಗ ನಾವು ಶಾಲೆ, ಪಿಎಸ್‌ಸಿ, ಬೋರ್ಡು ಇವನ್ನೇ ಎತ್ತುತ್ತೇವೆ. ಅದು ಬೇಕು. ಗೊಬ್ಬರದ ಪಟ್ಟಿಯೂ ಬೇಕು, ಮಣ್ಣು ಪರೀಕ್ಷೆಯ ಕಾರ್ಡೂ ಬೇಕು, ಬೆಳೆ ವಿಮೆಯ ಷರತ್ತೂ ಬೇಕು. ತಾಳವಾಡಿಯಿಂದ, ಅಕ್ಕಲಕೋಟೆಯಿಂದ ಈ ಪುಟ ಓದುವ ಗೆಳೆಯರು ನಿಮ್ಮಲ್ಲಿ ತಮಿಳಿನಲ್ಲೋ ಮರಾಠಿಯಲ್ಲೋ ಬರುವ ಇಂಥ ಕಾಗದಗಳನ್ನು ಒಮ್ಮೆ ತೆಗೆದು ನೋಡಿ, ಸಹಿ ಯಾವ ಭಾಷೆಯಲ್ಲಿದೆ ಅಂತ. (ಈ ಸಾಲು ಮಾತ್ರ ಇಲ್ಲಿ ಬರೆಯುವಾಗ ಸೇರಿಸಿದ್ದು.)

ಒಂದು ಅರ್ಜಿ ಬರೆದು ತಂದಿದ್ದೇನೆ. ಎರಡೇ ಬೇಡಿಕೆ. ಸಾವಯವ ಗುಂಪಿನ ಪ್ರತಿಜ್ಞೆ, ಬಳಸಬಹುದಾದ ಮತ್ತು ಬಾರದ ವಸ್ತುಗಳ ಪಟ್ಟಿ, ತೋಟ ನೋಡಿ ತುಂಬಿಸುವ ಹಾಳೆ, ಈ ಮೂರೂ ಕನ್ನಡದಲ್ಲಿ ಕೊಡಬೇಕು ಅನ್ನುವುದು ಒಂದು. ತಿಳಿಯದೆ ತಪ್ಪಿದವರಿಗೆ, ಆ ಕಾಗದ ಅವರ ಭಾಷೆಯಲ್ಲಿ ಇರಲಿಲ್ಲ ಅನ್ನುವುದನ್ನು ಗಮನಿಸಿ ಇನ್ನೊಂದು ಅವಕಾಶ ಕೊಡಬೇಕು ಅನ್ನುವುದು ಎರಡನೆಯದು. ಇಲಾಖೆಯವರಿಗೆ ಅನುವಾದ ಮಾಡಲು ಜನ ಇಲ್ಲ ಅಂದರೆ, ನಮ್ಮಲ್ಲಿ ಎರಡೂ ಭಾಷೆ ಬರುವ ಅಧ್ಯಾಪಕರು ಇದ್ದಾರೆ, ನಾನೂ ಕೂತುಕೊಳ್ಳುತ್ತೇನೆ, ಭಾನುವಾರ ಆದರೆ ಆಯಿತು. ‘ಒಳಿವಾಕ್ಕಣಂ’ ಅನ್ನುವಲ್ಲಿ ‘ಹಾಕಬಾರದು’ ಅಂತಲೇ ಬರೆಯೋಣ, ‘ವರ್ಜಿಸತಕ್ಕದ್ದು’ ಅಂತ ಬರೆದು ಇನ್ನೊಂದು ಅವಾಂತರ ಬೇಡ.

ಮಾವ ಇವತ್ತು ಬಂದಿದ್ದಾರೆ, ಹಿಂದಿನ ಬೆಂಚಿನಲ್ಲಿ. ಅವರ ಹೆಸರು ಹೇಳದೆ ಹೇಳುತ್ತೇನೆ ಅಂತ ಮೊದಲೇ ಒಪ್ಪಿಗೆ ಕೇಳಿದ್ದೆ. ಉಳಿದ ಪೊಟ್ಯಾಶನ್ನು ನೆರೆಯವರಿಗೆ ಕೊಟ್ಟಿದ್ದಾರಂತೆ, ಚೀಲಕ್ಕೆ ಒಣ ಅಡಿಕೆ ತುಂಬಿದ್ದಾರಂತೆ.

ಅರ್ಜಿ ಆ ಮೇಜಿನ ಮೇಲೆ ಉಂಟು. ಚಹಾ ಕುಡಿದು ನಿಧಾನಕ್ಕೆ ಓದಿ, ತಪ್ಪಿದ್ದರೆ ಪೆನ್ನಿನಲ್ಲಿ ಅಲ್ಲೇ ತಿದ್ದಿ, ಆಮೇಲೆ ಸಹಿ ಹಾಕಿ. ಓದದೆ ಹಾಕಬೇಡಿ.